ಸದ್ಯಕ್ಕೆ ನಡೆಯುತ್ತದೆ

ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತೊಂದಿದೆ: 'ಸದ್ಯಕ್ಕೆ ನಡೆಯುತ್ತದೆ ಬಿಡಿ.' ಕುಕ್ಕರಿನ ಹಿಡಿ ಸಡಿಲವಾದರೆ ತಂತಿ ಸುತ್ತಿದರೆ ನಡೆಯುತ್ತದೆ. ಲಂಗದ ಲಾಡಿ ಹರಿದರೆ ಹಳೆಯ ಸೀರೆಯ ಅಂಚು ನಡೆಯುತ್ತದೆ. ಹುಣಸೆಹಣ್ಣು ಮುಗಿದರೆ ಸಾರಿಗೆ ನಿಂಬೆಹಣ್ಣು ನಡೆಯುತ್ತದೆ. ಹೀಗೆ ತೂಗಿಸಿಕೊಂಡು ಹೋಗುವುದನ್ನು ನಮ್ಮ ಅಮ್ಮಂದಿರು ಜಾಣತನವೆಂದೇ ಕಲಿಸಿದರು. ಜಾಣತನವೇ ಹೌದು, ಅನುಮಾನವಿಲ್ಲ. ಆದರೆ ಈ ಜಾಣತನಕ್ಕೊಂದು ಎಲ್ಲೆ ಇಲ್ಲವೆ? ಎಲ್ಲಿಯವರೆಗೆ ಅದು ಗುಣ, ಎಲ್ಲಿಂದಾಚೆಗೆ ಅನ್ಯಾಯ? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಯಾವ ವೇದಾಂತದ ಪುಸ್ತಕದಿಂದಲೂ ಅಲ್ಲ, ಕಿರುಬೆರಳಿನ ಗಾತ್ರದ ಒಂದು ಬೋಲ್ಟಿನಿಂದ.

ನನ್ನ ತಮ್ಮನ ಹತ್ತಿರ ಹಳೆಯ ಮಾರುತಿ 800 ಕಾರಿದೆ. ಆ ಕಾರಿನ ತಯಾರಿಕೆ 2014ರಲ್ಲೇ ನಿಂತಿತು. ಇವನ ಮೋಹ ಮಾತ್ರ ನಿಂತಿಲ್ಲ. ಸಣ್ಣಪುಟ್ಟ ರಿಪೇರಿಯೆಲ್ಲ ಮನೆಯ ಅಂಗಳದಲ್ಲೇ. ಎಂಜಿನ್ನಿನ ನಡುಕ ಕಾರಿನ ಒಡಲಿಗೆ ತಾಗದಿರಲೆಂದು ನಡುವೆ ರಬ್ಬರಿನ ತುಂಡುಗಳನ್ನು ಇಟ್ಟಿರುತ್ತಾರೆ. ಅದಕ್ಕೆ ಮೌಂಟಿಂಗ್ ಎಂದು ಹೆಸರು. ಅದರಲ್ಲೊಂದು ಬಿರುಕು ಬಿಟ್ಟು, ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಹೊಸ ರಬ್ಬರು ಸುಲಭವಾಗಿ ಸಿಕ್ಕಿತು. ಜಾಕ್ ಕೊಟ್ಟು ಎಂಜಿನ್ನಿನ ಭಾರ ಎತ್ತಿ ಹಳೆಯದನ್ನು ಬಿಚ್ಚುವಾಗ, ತುಕ್ಕು ಹಿಡಿದ ಒಂದು ಬೋಲ್ಟಿನ ತಲೆ ಮುರಿಯಿತು. ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ಒಳಗುಳಿದ ಚೂರನ್ನು ಅವನು ಹೇಗೋ ಹೊರಗೆ ತೆಗೆದ. ಇನ್ನೇನು, ಒಂದು ಬೋಲ್ಟ್ ತಂದರಾಯಿತು ಎಂದುಕೊಂಡೆವು. ಅದಕ್ಕೆ ಮೂರು ದಿನ ಹಿಡಿಯಿತು.

ಮೊದಲ ದಿನ ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಯವನು ಡಬ್ಬಿ ಸುರುವಿ, "ಹತ್ತು ಎಂ.ಎಂ. ತಾನೆ ಸಾರ್? ತಗೊಳ್ಳಿ" ಎಂದು ಒಂದನ್ನು ಆರಿಸಿಕೊಟ್ಟ. ಅದೇ ದಪ್ಪ, ಅದೇ ಉದ್ದ. ಮನೆಗೆ ತಂದು ಕೈಯಲ್ಲಿ ತಿರುಗಿಸಿದರೆ ಎರಡು ಸುತ್ತು ಸರಾಗವಾಗಿ ಹೋಯಿತು, ಮೂರನೆಯದಕ್ಕೆ ಕಚ್ಚಿಕೊಂಡಿತು. ನೋಡುತ್ತ ನಿಂತಿದ್ದ ಎದುರುಮನೆಯವರು, "ಸ್ಪ್ಯಾನರ್ ಹಾಕಿ ಒಂದು ಬಿಗಿ ಕೊಡಿ, ಅದೇ ಅಡ್ಜಸ್ಟ್ ಆಗುತ್ತೆ" ಎಂದರು. ತಮ್ಮ ಅದನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ತೆಗೆದುಬಿಟ್ಟ. "ಬೆರಳಿಗೆ ಬಗ್ಗದ್ದು ಈ ತೂತಿನದಲ್ಲ, ಅಕ್ಕ" ಎಂದ.

ಆಮೇಲೆ ಅವನು ಬಿಡಿಸಿ ಹೇಳಿದ್ದು ಇಷ್ಟು. ಬೋಲ್ಟಿನ ಮೈಮೇಲಿನ ಥ್ರೆಡ್ಡಿನಲ್ಲಿ ಒಂದು ಏಣಿನಿಂದ ಮುಂದಿನ ಏಣಿಗೆ ಇರುವ ಅಂತರಕ್ಕೂ ಅಳತೆಯುಂಟು. 10 ಮಿಲಿಮೀಟರ್ ದಪ್ಪದ ಸಾಮಾನ್ಯ ಬೋಲ್ಟಿನಲ್ಲಿ ಅದು 1.5 ಮಿಲಿಮೀಟರ್. ಜಪಾನಿನ ಕಾರುಗಳಲ್ಲಿ ಅದೇ ದಪ್ಪಕ್ಕೆ 1.25 ಇಡುವುದು ವಾಡಿಕೆ; ಮಾರುತಿ 800 ಸುಜುಕಿಯವರ ವಿನ್ಯಾಸ. ವ್ಯತ್ಯಾಸ ಬರೀ ಕಾಲು ಮಿಲಿಮೀಟರ್. ಅದಕ್ಕೇ ಮೊದಲ ಎರಡು ಸುತ್ತು ಮೋಸ ಹೋಗುತ್ತೇವೆ. ಆಮೇಲೂ ಬಲ ಹಾಕಿದರೆ ಬೋಲ್ಟು ತೂತಿನೊಳಗಿನ ಥ್ರೆಡ್ಡನ್ನು ಕೆತ್ತಿಹಾಕುತ್ತದೆ. ಬೋಲ್ಟನ್ನು ಎಸೆಯಬಹುದು, ಎಂಜಿನ್ನಿನಲ್ಲಿರುವ ತೂತನ್ನು ಎಸೆಯುವುದೆಲ್ಲಿ? ನಾಳೆ ಸರಿಯಾದ ಬೋಲ್ಟು ತಂದರೂ ಅದು ಹಿಡಿಯುವುದಿಲ್ಲ.

ನಮಗೆ ಇದು ತೀರ ಹೊಸ ವಿಷಯವೇನಲ್ಲ. ಅಕ್ಕಸಾಲಿಗ ಕೈಯಲ್ಲಿ ಮಾಡಿಕೊಟ್ಟ ಹಳೆಯ ಓಲೆಯನ್ನು ನೆನೆಸಿಕೊಳ್ಳಿ. ಎಡಗಿವಿಯ ತಿರುಪು ಬಲಗಿವಿಯದಕ್ಕೆ ಕೂರುವುದಿಲ್ಲ. ಒಂದು ಕಾಲಕ್ಕೆ ಜಗತ್ತಿನ ಬೋಲ್ಟು ನಟ್ಟುಗಳೆಲ್ಲ ಹೀಗೇ ಇದ್ದವು, ಒಂದೊಂದು ಕಾರ್ಖಾನೆಗೆ ಒಂದೊಂದು ಅಳತೆ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್, ಇಂಥ ದಪ್ಪಕ್ಕೆ ಇಂಥದೇ ಥ್ರೆಡ್ ಇರಲಿ ಎಂದು ಎಲ್ಲರಿಗೂ ಒಂದೇ ಲೆಕ್ಕ ಸೂಚಿಸಿದ. ಒಬ್ಬರು ಮಾಡಿದ ಬೋಲ್ಟಿಗೆ ಇನ್ನೊಬ್ಬರು ಮಾಡಿದ ನಟ್ಟು ಕೂರುವ ಭರವಸೆ ಅಂಥ ಲೆಕ್ಕದಿಂದ ಬಂದದ್ದು.

ಎರಡನೆಯ ದಿನ ಒಂದು ಅಂಗಡಿಯಲ್ಲಿ ಸರಿಯಾದ ಥ್ರೆಡ್ಡಿನದೇ ಸಿಕ್ಕಿತು, ಆದರೆ ಅದರ ತಲೆ ಬೋಳು. ಮುರಿದ ಬೋಲ್ಟಿನ ತಲೆಯ ಮೇಲೆ 8.8 ಎಂದು ಕೊರೆದಿತ್ತು. ಅದು ತಾಳಿಕೆಯ ಗುರುತು. ಮೊದಲ ಎಂಟು ಹೇಳುವುದು, ಚದರ ಮಿಲಿಮೀಟರಿಗೆ 800 ನ್ಯೂಟನ್, ಎಂದರೆ ಸುಮಾರು 80 ಕಿಲೋ ಭಾರದಷ್ಟು ಎಳೆತವನ್ನು ತಡೆಯುತ್ತೇನೆ ಎಂದು. ಚುಕ್ಕೆಯ ನಂತರದ ಎಂಟು ಹೇಳುವುದು, ಅದರ ಹತ್ತರಲ್ಲಿ ಎಂಟು ಪಾಲಿನವರೆಗೆ ಎಳೆದರೆ ಹಿಗ್ಗಿದರೂ ಮೊದಲಿನಂತಾಗುತ್ತೇನೆ. ಅದರಾಚೆ ಎಳೆದರೆ ಮುರಿಯದಿದ್ದರೂ ಮೊದಲಿನಂತಾಗಲಾರೆ ಎಂದು. ಬೋಳುತಲೆಯದು ಇಂಥ ಮಾತೇನನ್ನೂ ಕೊಟ್ಟಿಲ್ಲ. ಕೊನೆಗೆ ಮೂರನೆಯ ದಿನ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಬೇಕಾದದ್ದು ಸಿಕ್ಕಿತು. ಬೆಲೆ, ಬಸ್‌ಚಾರ್ಜಿನ ಕಾಲು ಭಾಗವೂ ಇಲ್ಲ.

"ಒಂದು ಬೋಲ್ಟಿಗೆ ಮೂರು ದಿನವೆ?" ಎಂದು ಎದುರುಮನೆಯವರು ನಕ್ಕರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಎಷ್ಟೋ ಬದುಕು ಸಾಗಿರುವುದೇ ತಂತಿ, ಹಗ್ಗ, ಅಂಟಿನ ಬಲದಿಂದ. ಘಾಟಿಯಲ್ಲಿ ಡೀಸೆಲ್ ಟ್ಯಾಂಕು ಸೋರಿದಾಗ ಮೈಸೋಪು ಮೆತ್ತಿ ಬಸ್ಸನ್ನು ಊರು ಮುಟ್ಟಿಸುವ ಡ್ರೈವರನ್ನು ನಾನಂತೂ ಕೈಮುಗಿದು ನೆನೆಯುತ್ತೇನೆ. ಆದರೆ ಅವನು ಡಿಪೋ ತಲುಪಿದೊಡನೆ, 'ಸೋಪು ಮೆತ್ತಿ ತಂದಿದ್ದೇನೆ, ನೋಡಿ' ಎಂದು ಹೇಳುತ್ತಾನೆ. ಅವನ 'ಸದ್ಯ'ಕ್ಕೆ ಒಂದು ಕೊನೆಯಿದೆ. ಹೇಳದೆ ಬಿಟ್ಟರೆ, ಮರುದಿನ ಅದೇ ಬಸ್ಸು ಹತ್ತುವವರಿಗೆ ಮಾಡಿದ ದ್ರೋಹವಾಗುತ್ತದೆ. ಕೆಲಸ ಒಂದೇ, ಸೋಪೂ ಒಂದೇ. ತಪ್ಪು ಇರುವುದು ತೇಪೆಯಲ್ಲಲ್ಲ. ತೇಪೆಯ ಭಾರವನ್ನು ಇನ್ನೊಬ್ಬರ ಮೇಲೆ ಹೊರಿಸಿ, ಅವರಿಗೆ ತಿಳಿಸದೆ, ಅದನ್ನೇ ಕಾಯಂ ಮಾಡುವುದರಲ್ಲಿ. ನನ್ನ ಲಂಗಕ್ಕೆ ನಾನು ಹಳೆಯ ಅಂಚನ್ನು ಲಾಡಿ ಮಾಡಿಕೊಂಡರೆ ಕಷ್ಟವೂ ನನ್ನದೇ. ಎಂಜಿನ್ನು ಹೊರುವ ಬೋಲ್ಟು ಹಾಗಲ್ಲ. ಕಾರಿನಲ್ಲಿ ನಾಳೆ ಯಾರ ಮಕ್ಕಳು ಕೂರುತ್ತಾರೋ!

ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಂಡು ಬಂದ ನನಗೆ ಈ 'ಸದ್ಯಕ್ಕೆ' ಎಂಬ ಮಾತಿನ ಪರಿಚಯ ಚೆನ್ನಾಗಿದೆ. ಲೆಕ್ಕದಲ್ಲಿ ಚುರುಕಾದ ಹುಡುಗಿಯನ್ನು, ಊರಿನ ಕಾಲೇಜಿನಲ್ಲಿ ವಿಜ್ಞಾನ ಇಲ್ಲವೆಂದು ಬೇರೆ ವಿಭಾಗಕ್ಕೆ ಸೇರಿಸುವ ತಂದೆ ಹೇಳುವುದು ಅದನ್ನೇ: "ಸದ್ಯಕ್ಕೆ ಸೇರಲಿ ಮೇಡಂ, ಆಮೇಲೆ ನೋಡೋಣ." ಆ 'ಆಮೇಲೆ' ಬಂದದ್ದನ್ನು ನಾನು ಕಂಡದ್ದು ಅಪರೂಪ. ಮದುವೆಯಾದವಳಿಗಂತೂ ಹೊಂದಿಕೊಂಡು ಹೋಗೆಂಬುದೇ ಉಪದೇಶ. ಮೊದಲೆರಡು ಸುತ್ತು ಸರಾಗವಾಗಿ ಹೋದದ್ದನ್ನು ತೋರಿಸಿ, ಮೂರನೆಯದಕ್ಕೆ ಕಚ್ಚಿಕೊಂಡರೆ ಇನ್ನಷ್ಟು ಬಿಗಿ ಕೊಡುತ್ತೇವೆ.

ಹೊಂದಾಣಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಆ ಕಾರಿನಲ್ಲೇ ನೋಡಿ: ನಡುಕವನ್ನು ನುಂಗಲೆಂದೇ ರಬ್ಬರನ್ನು ಇಟ್ಟಿದ್ದಾರೆ. ಅದಿಲ್ಲದೆ ಬರೀ ಕಬ್ಬಿಣಕ್ಕೆ ಕಬ್ಬಿಣ ಬಿಗಿದರೆ ಕಾರಿನಲ್ಲಿ ಕೂರಲಾಗದು. ಮನೆಯಲ್ಲೂ ಮೆತ್ತನೆಯ ಜಾಗಗಳು ಬೇಕು. ಆದರೆ ರಬ್ಬರಿಗೂ ವಯಸ್ಸಾಗುತ್ತದೆ, ಅದು ಬಿರುಕು ಬಿಟ್ಟಾಗ ಯಾರೂ ಅದಕ್ಕೆ ಸಹನೆಯ ಪಾಠ ಹೇಳುವುದಿಲ್ಲ. ಮೇಲಾಗಿ ಮನೆಯ ನಡುಕವನ್ನೆಲ್ಲ ಒಬ್ಬಳೇ ನುಂಗಬೇಕೆಂಬ ನಿಯಮವೇನೂ ಇಲ್ಲ. ಬೋಲ್ಟಿಗಿರುವಂತೆ ನಮ್ಮ ಹಣೆಯ ಮೇಲೆ ತಾಳಿಕೆಯ ಅಂಕಿ ಕೊರೆದಿಲ್ಲ. ಆದ್ದರಿಂದ ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳಿದವರ ಮಾತನ್ನು ಉಳಿದವರು ಕೇಳಿಸಿಕೊಳ್ಳಬೇಕಾಗುತ್ತದೆ.

ಈಗಲೂ ನಮ್ಮ ಕುಕ್ಕರಿನ ಹಿಡಿಗೆ ತಂತಿಯೇ ಇದೆ, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಆದರೆ ಯಾರಾದರೂ ಮನುಷ್ಯರ ವಿಷಯದಲ್ಲಿ 'ಸದ್ಯಕ್ಕೆ ನಡೆಯುತ್ತದೆ' ಎಂದಾಗ, ನಾನು ಎರಡು ಮಾತು ಕೇಳದೆ ಬಿಡುವುದಿಲ್ಲ. ಸದ್ಯ ಎಂದರೆ ಎಲ್ಲಿಯವರೆಗೆ? ನಡೆಯುವುದು ಸರಿ, ಯಾರ ಹೆಗಲ ಮೇಲೆ?