ಹಳೆಯ ಸಾಮಾನಿನ ಋಣ

ಒಬ್ಬರು ಬಳಸಿ ಬಿಟ್ಟ ವಸ್ತುವನ್ನು ದುಡ್ಡು ಕೊಟ್ಟು ಕೊಳ್ಳುವುದು ನಮ್ಮ ಹಿರಿಯರ ಕಾಲದಲ್ಲಿ ಕೈಸಾಗದವರ ಕೆಲಸವಾಗಿತ್ತು. ಕೊಂಡವರು ಅದನ್ನು ನಾಲ್ವರ ಮುಂದೆ ಹೇಳಿಕೊಳ್ಳುತ್ತಿರಲಿಲ್ಲ. ಈಗ ಅದು ಅಭಿರುಚಿಯ ಗುರುತು. ಬೆಂಗಳೂರಿನ ಶಿವಾಜಿನಗರದ ಓಣಿಗಳಲ್ಲಿರುವ ಹಳೆಯ ಸಾಮಾನಿನ ಅಂಗಡಿಗಳನ್ನು ಹೊಕ್ಕು ನೋಡಿದರೆ ಸಾಕು. ತೋಟದ ದೊರೆಗಳು ಕಾಲು ಚಾಚುತ್ತಿದ್ದ ಉದ್ದ ತೋಳಿನ ಆರಾಮಕುರ್ಚಿ, ಬೀಟೆಯ ಬೀರು, ಸಿಂಗರ್ ಹೊಲಿಗೆಯಂತ್ರದ ಕಬ್ಬಿಣದ ಕಾಲು, ಯಾರನ್ನೋ ತೂಗಿ ದಣಿದ ತೊಟ್ಟಿಲು, ಎಲ್ಲವೂ ಧೂಳು ಹೊತ್ತು ಗಿರಾಕಿಯನ್ನು ಕಾಯುತ್ತಿರುತ್ತವೆ. ಇನ್ನೂ ಉತ್ಸಾಹಿಗಳಾದವರು ತಮಿಳುನಾಡಿನ ಕಾರೈಕುಡಿಯವರೆಗೆ ಹೋಗಿ, ಚೆಟ್ಟಿಯಾರರ ಮನೆಗಳ ಕಂಬ ಬಾಗಿಲುಗಳನ್ನು ಲಾರಿಯಲ್ಲಿ ಹೇರಿಸಿ ತರುವುದುಂಟು.

ಇದರಲ್ಲಿ ಕೊಳ್ಳುವವನು ಕೊಳ್ಳುವುದಾದರೂ ಏನನ್ನು? ಉಪಯೋಗವನ್ನಂತೂ ಅಲ್ಲ. ಹೊಲಿಗೆಯಂತ್ರದ ಕಾಲಿನ ಮೇಲೆ ಗಾಜಿನ ಹಲಗೆ ಕೂಡುತ್ತದೆ. ತೊಟ್ಟಿಲಲ್ಲಿ ಕುಂಡಗಳು ಮಲಗುತ್ತವೆ. ಜರ್ಮನಿಯ ಕಾಂಟ್ ಮಹಾಶಯನು 1790ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಸ್ವಂತ ಪ್ರಯೋಜನದ ಹಂಬಲವಿಲ್ಲದೆ ಉಂಟಾಗುವ ಸಂತೋಷವೇ ಸೌಂದರ್ಯದ ಸಂತೋಷ ಎಂದು ವಾದಿಸಿದ. ಆ ಲೆಕ್ಕದಲ್ಲಿ ನಮ್ಮ ನಗರದ ಗೃಹಸ್ಥ ಶುದ್ಧ ರಸಿಕ. ರಾಗಿಯ ಕಲ್ಲನ್ನು ಅವನು ನೋಡುವುದು ಬೀಸಲಿಕ್ಕಲ್ಲವಾದ್ದರಿಂದಲೇ ಅದು ಅವನಿಗೆ ಚೆಲುವಾಗಿ ಕಾಣುತ್ತದೆ. ಇಷ್ಟರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಕಲ್ಲಿನ ಹಿಂದೆ ನಿಂತವರನ್ನು ಒಂದು ಮಾತು ಕೇಳಿದರೆ ಪ್ರಶ್ನೆ ಅಷ್ಟು ಸರಳವಾಗಿ ಉಳಿಯುವುದಿಲ್ಲ.

ನನ್ನ ಊರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಬೆಂಗಳೂರಿನಲ್ಲಿ ಹೊಸದಾಗಿ ಮನೆ ಮಾಡಿದ್ದ ಸ್ನೇಹಿತರೊಬ್ಬರು ಅಂಗಡಿಯ ಬೆಲೆಗಳಿಗೆ ಬೇಸತ್ತು, 'ನಿಮ್ಮ ಕಡೆ ಇಂಥವು ಮೂಲೆಯಲ್ಲಿ ಬಿದ್ದಿರುತ್ತವಲ್ಲ' ಎಂದು ನನ್ನೊಡನೆ ಬಂದರು. ನಮ್ಮ ದೊಡ್ಡಮ್ಮನ ಹಿತ್ತಿಲಲ್ಲಿ ಬೀಸುವ ಕಲ್ಲು ಇತ್ತು. ಸ್ನೇಹಿತರು ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಹೆಂಗಸರು ಬೆಳಗಿನ ಜಾವದಲ್ಲಿ ಬೀಸುತ್ತ ಹಾಡುತ್ತಿದ್ದ ಪದಗಳನ್ನು ನೆನೆದು, ಇದನ್ನು ಕೊಡಲು ಅವರಿಗೆ ಮನಸ್ಸು ಬಂದೀತೆ ಎಂದು ಸಂಕೋಚದಿಂದ ಕೇಳಿದರು.

ದೊಡ್ಡಮ್ಮ ನಕ್ಕಳು. 'ತಗಂಡೋಗಪ್ಪ, ಪುಣ್ಯ ಬರ್ತೈತೆ. ನನ್ ರೆಟ್ಟೆ ಸವೆಸಿದ್ದೇ ಇದು. ಹಾಡೋದಾ? ಹಾಡ್ದಿದ್ರೆ ನಿದ್ದೆ ಬಂದು ಕಲ್ಲಿನ್ ಮೇಲೇ ಬೀಳ್ತಿದ್ವಿ!'

ಜಾನಪದದ ಪಾಠ ಹೇಳುವ ನನ್ನಂಥವನಿಗೂ ಈ ವ್ಯಾಖ್ಯಾನ ಯಾವ ಸಂಗ್ರಹದಲ್ಲೂ ಸಿಕ್ಕಿರಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ಆಕೆಯ ಪಾಲಿಗೆ ಹಬ್ಬ. ನಾವು ಯಾವುದನ್ನು ಪರಂಪರೆಯೆಂದು ಕೈಮುಗಿಯುತ್ತೇವೋ ಅದರಿಂದ ಪಾರಾದದ್ದೇ ಆಕೆಯ ಬಾಳಿನ ದೊಡ್ಡ ಭಾಗ್ಯ.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಅಡುಗೆಮನೆಯ ಗೂಡಿನಲ್ಲಿ ಕಂಠಕ್ಕೆ ಹಿತ್ತಾಳೆಯ ಪಟ್ಟಿ ಕಟ್ಟಿದ ಒಂದು ಕಬ್ಬಿಣದ ಸೇರು ಇತ್ತು. ನಾಲ್ಕು ಪಾವಿಗೆ ಒಂದು ಸೇರು ಎಂಬ ಹಳೆಯ ಲೆಕ್ಕದ್ದು. 1956ರ ತೂಕ ಅಳತೆಗಳ ಕಾಯಿದೆಯಾದ ಮೇಲೆ ಲೀಟರು ಕಿಲೋಗಳು ಬಂದು, ವ್ಯಾಪಾರದಲ್ಲಿ ಅದರ ಅಧಿಕಾರ ಹೋಯಿತು. ಸ್ನೇಹಿತರಿಗೆ ಅದು ಲೇಖನಿಗಳನ್ನಿಡಲು ತಕ್ಕದ್ದಾಗಿ ಕಂಡಿತು. ಕಲ್ಲನ್ನು ಪುಕ್ಕಟೆ ಕೊಡಲು ಸಿದ್ಧಳಾಗಿದ್ದ ದೊಡ್ಡಮ್ಮ ಇದಕ್ಕೆ ಮಾತ್ರ ಒಪ್ಪಲಿಲ್ಲ. ಎರಡು ಸಾವಿರ ಎಂದರು, ನಾಲ್ಕು ಸಾವಿರ ಎಂದರು. ಆ ಹೊತ್ತಿನಲ್ಲಿ ಆಕೆಗೆ ಕೊಳವೆಬಾವಿಯ ಮೋಟಾರು ಸುಟ್ಟು ಹಣದ ಅವಸರವಿತ್ತೆಂಬುದು ನನಗೆ ಗೊತ್ತು. ಆದರೂ ಆಕೆ ತಲೆಯಾಡಿಸಿದಳು. 'ಅದ್ರಾಗೆ ಊರಿನ್ ರಾಗಿ ಕಡ ಕೊಟ್ಟಿದೀವಿ, ಇಸ್ಕಂಡಿದೀವಿ. ಬರದ ವರ್ಷ ನಮ್ ಮನೇಗೆ ಗೋಪುರ ಎತ್ತಿ ಅಳೆದೋರು ಅವ್ರೆ. ಅದನ್ನ ಮಾರೋದಾ?'

ನಮ್ಮ ಸೀಮೆಯದು ಮಳೆಯನ್ನು ನಂಬಿದ ಬೇಸಾಯ. ಮಳೆ ಕೈಕೊಟ್ಟ ವರ್ಷ ಒಂದು ಮನೆ ಇನ್ನೊಂದು ಮನೆಯ ಸೇರಿನ ಮೇಲೆ ಬದುಕಬೇಕಾಗುತ್ತಿತ್ತು. ತಲೆ ಸವರಿ ಅಳೆದರೆ ವ್ಯವಹಾರ. ಗೋಪುರ ಎತ್ತಿ ಅಳೆದರೆ ಕರುಣೆ. ಕಣದಲ್ಲಿ ಅಳೆಯುವಾಗ ಮೊದಲ ಸೇರನ್ನು 'ಒಂದು' ಎನ್ನದೆ 'ಲಾಭ' ಎಂದು ಎಣಿಸುತ್ತಿದ್ದರು. ಆ ಪಾತ್ರೆ ಆಕೆಗೆ ನೆನಪಿನ ವಸ್ತುವಲ್ಲ, ಸಾಕ್ಷಿ. ನಾನು ಹೇಳಬೇಕೆಂದಿರುವುದು ಇದನ್ನೇ. ಹಳೆಯ ವಸ್ತುವಿನಲ್ಲಿ ದುಡಿಮೆಯೂ ಇದೆ, ಋಣವೂ ಇದೆ. ದುಡಿಮೆ ಮುಗಿಯಿತೆಂದರೆ ವಸ್ತು ಯಾರ ಮನೆಗೆ ಹೋದರೂ ಚಿಂತೆಯಿಲ್ಲ. ಋಣವನ್ನು ಮಾತ್ರ ಬೆಲೆ ಕೊಟ್ಟು ಕೊಳ್ಳಲು ಬರುವುದಿಲ್ಲ, ಏಕೆಂದರೆ ಅದು ಮಾರುವವನೊಬ್ಬನದೇ ಅಲ್ಲ.

ಹಾಗಾದರೆ ಮಾರಿದವರೆಲ್ಲ ಋಣಗೇಡಿಗಳೋ? ಹಾಗೆನ್ನಲು ನನ್ನಿಂದಾಗದು. ದೊಡ್ಡ ಮನೆಯೊಂದು ಬಿದ್ದು ಅದರ ಕಂಬ ಪೇಟೆಗೆ ಬಂತೆಂದರೆ ನಾವು ಕೂಡಲೇ ನಿಟ್ಟುಸಿರು ಬಿಡುತ್ತೇವೆ. ಆದರೆ ಆ ಮನೆಯ ಕಣಜವನ್ನು ತುಂಬಿಸುತ್ತಿದ್ದವನು ಗೇಣಿಯ ಒಕ್ಕಲು. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣೆಯ ಕಾಯಿದೆಗೆ ತಿದ್ದುಪಡಿ ತಂದು ಉಳುವವನನ್ನು ನೆಲದ ಒಡೆಯನನ್ನಾಗಿ ಮಾಡಿದ ಮೇಲೆ, ಗೇಣಿಯಿಂದ ನಡೆಯುತ್ತಿದ್ದ ಅನೇಕ ಮನೆತನಗಳಿಗೆ ಅಷ್ಟು ದೊಡ್ಡ ಸೂರನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು. ಅಂಗಡಿಯಲ್ಲಿ ಒರಗಿ ನಿಂತ ಕೆತ್ತನೆಯ ಕಂಬದಲ್ಲಿ ಒಬ್ಬರ ನಷ್ಟವಿರುವಂತೆ, ಇನ್ನೊಬ್ಬರಿಗೆ ದೊರೆತ ನ್ಯಾಯವೂ ಇರಬಹುದು. ಅದನ್ನು ಮರೆತು ಬರೀ ಹಳಹಳಿಸುವುದು ಅರ್ಧ ಸುಳ್ಳು.

ಆದರೂ ಕಂಬವನ್ನು ಕಂಬವಾಗಿಯೇ ನಿಲ್ಲಿಸಿದವರು ಉಂಟು. ಮಣಿಪಾಲದ ವಿಜಯನಾಥ ಶೆಣೈ ಅವರು ಬ್ಯಾಂಕಿನ ನೌಕರಿಯಲ್ಲಿದ್ದವರು, ಅರಸರಲ್ಲ. ಬೀಳಲಿದ್ದ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿಸಿ ತಂದು ಮತ್ತೆ ಮನೆಯಾಗಿಯೇ ಕಟ್ಟಿಸಿದರು. 2017ರಲ್ಲಿ ತೀರಿಕೊಳ್ಳುವವರೆಗೆ ಅದೇ ಅವರ ತಪಸ್ಸು. ಅಲ್ಲಿ ಬಾಗಿಲು ಬಾಗಿಲೇ, ಮೇಜಲ್ಲ. ಎಲ್ಲರಿಗೂ ಅಂಥ ಶಕ್ತಿ ಇರುವುದಿಲ್ಲ, ನಿಜ. 1972ರ ಪ್ರಾಚ್ಯವಸ್ತುಗಳ ಕಾಯಿದೆ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸದಂತೆ ತಡೆಯುತ್ತದೆ. ಹರಿಯಬ್ಬೆಯ ಗೂಡಿನಿಂದ ಬೆಂಗಳೂರಿನ ಮೇಜಿಗೆ ಹೋಗುವ ಸೇರನ್ನು ಯಾವ ಕಾಯಿದೆ ತಡೆದೀತು? ತಡೆಯಲೂ ಬಾರದು.

ಅಂಗಡಿಗಳಲ್ಲಿ ಇನ್ನೊಂದು ತಮಾಷೆ ನಡೆಯುತ್ತದೆ. ಹೊಸ ಮರವನ್ನು ಉಜ್ಜಿ, ಬಣ್ಣ ಕೆರೆದು, ಅಲ್ಲಲ್ಲಿ ಗಾಯ ಮಾಡಿ ಹಳತಾಗಿಸಿ ಮಾರುತ್ತಾರೆ. ಹಳೆಯದನ್ನು ಬಯಸುವವನು ಕೇವಲ ರೂಪವನ್ನು ಬಯಸುವವನಾಗಿದ್ದರೆ ಈ ಮೋಸ ಅವನನ್ನು ನೋಯಿಸಬಾರದು. ಆದರೆ ಗೊತ್ತಾದಾಗ ನೋಯುತ್ತಾನೆ. ಯಾರೋ ನಿಜವಾಗಿ ಬದುಕಿದ್ದರೆಂಬ ಭರವಸೆಗೇ ಅವನು ಹಣ ಕೊಟ್ಟಿರುತ್ತಾನೆ. ಕಾಂಟನ ರಸಿಕ ಇಲ್ಲಿ ಸೋಲುತ್ತಾನೆಂದು ನನ್ನ ಅನಿಸಿಕೆ. ಯಾರೋ ಬದುಕಿದ್ದರೆಂಬುದು ಅಷ್ಟು ಮುಖ್ಯವಾದರೆ, ಆ 'ಯಾರೋ' ಎಂಬವರು ಯಾರು, ಏಕೆ ಮಾರಿದರು, ಅವರ ಕೈಗೆ ಎಷ್ಟು ಸೇರಿತು ಎಂದು ವಿಚಾರಿಸುವ ಹೊಣೆಯೂ ಕೊಂಡವನದೇ ಅಲ್ಲವೆ?

ಸ್ನೇಹಿತರು ಕಲ್ಲಿಗೆ ಬೆಂಗಳೂರಿನ ಅಂಗಡಿಯ ದರವನ್ನೇ ಕೊಡಬೇಕೆಂದು ನಾನು ಹಟ ಹಿಡಿದೆ. ಅವರು ಸಂತೋಷದಿಂದಲೇ ಕೊಟ್ಟರು. ಇಷ್ಟು ಹಣವೆಂದು ಕೇಳಿ ದೊಡ್ಡಮ್ಮ ಗಾಬರಿಯಾದಳು. ಕಲ್ಲಿಗೆ ಹಣ ಕೊಟ್ಟವನ ಬುದ್ಧಿಯ ಬಗ್ಗೆ ನನ್ನನ್ನು ಒಳಗೆ ಕರೆದು ಮೆಲ್ಲಗೆ ವಿಚಾರಿಸಿದಳು. ಮೋಟಾರು ರಿಪೇರಿಯಾಯಿತು. ಸೇರು ಗೂಡಿನಲ್ಲೇ ಇದೆ. ಈಗಲೂ ಪಕ್ಕದ ಮನೆಯವರು ರಾಗಿಹಿಟ್ಟು ಕಡ ಕೇಳಲು ಬಂದರೆ ಆಕೆ ಅಳೆದು ಕೊಡುವುದು ಅದರಲ್ಲೇ.