ಮೈಗಳ್ಳ ಎಂಬ ಮಾತು



ಧಮ್ಮಬಂಧುಗಳೇ, ಇಂದಿನ ಚಿಂತನೆಗೆ ಅಮೆರಿಕದ ಬೇಸ್‌ಬಾಲ್ ಆಟ. ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲದ ಆಟ, ಇರಲಿ. ಕ್ರಿಕೆಟ್‌ನಲ್ಲಿ ಬೌಲರ್ ಇದ್ದಂತೆ ಅಲ್ಲಿ ಪಿಚರ್. ಬೌಲರ್ ಮೊಣಕೈ ನೆಟ್ಟಗಿಟ್ಟು ಚೆಂಡು ಹಾಕಬೇಕು. ಪಿಚರ್ ಮೊಣಕೈ ಮಡಚಿ, ಝಾಡಿಸಿ ಎಸೆಯುತ್ತಾನೆ. ಪೂರ್ತಿ ಪಂದ್ಯ ಆಡಿದರೆ ನೂರಕ್ಕೂ ಹೆಚ್ಚು ಎಸೆತ. 1960ರ ದಶಕದಲ್ಲಿ ದೊಡ್ಡ ಪಿಚರ್‌ಗಳು ನಾಲ್ಕು ದಿನಕ್ಕೊಮ್ಮೆ ಹೀಗೆ ಎಸೆಯುತ್ತಿದ್ದರು. ಅವರಲ್ಲಿ ಹಲವರು ಮೂವತ್ತರ ಆಸುಪಾಸಿನಲ್ಲೇ ಆಟ ಬಿಟ್ಟರು.

ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಸ್ಯಾಂಡಿ ಕೋಫ್ಯಾಕ್ಸ್ ಅವರನ್ನೇ ನೋಡಿ. 1966ರಲ್ಲಿ 27 ಪಂದ್ಯ ಗೆದ್ದರು, 317 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದರು. ಅದೇ ನವೆಂಬರ್ 18ರಂದು, ಇನ್ನೂ 30ರ ವಯಸ್ಸಿನಲ್ಲಿ, ಸಾಕು ಎಂದರು. ಎಡ ಮೊಣಕೈಗೆ ಸಂಧಿವಾತ ಹಿಡಿದಿತ್ತು. ಕಾರ್ಟಿಸೋನ್ ಇಂಜೆಕ್ಷನ್, ನೋವಿನ ಮಾತ್ರೆ, ಮೆಣಸಿನಕಾಯಿ ಖಾರದ ಮುಲಾಮು, ಆಟ ಮುಗಿದ ಮೇಲೆ ಐಸ್ ನೀರಿನಲ್ಲಿ ಕೈ. ಇಷ್ಟೆಲ್ಲ ಆದರೇ ಒಂದು ಪಂದ್ಯ. ಆಟದ ಆಚೆಗೂ ಬದುಕಬೇಕಾದ ವರ್ಷಗಳಿವೆ, ಆಗ ಮೈಯೆಲ್ಲ ಸರಿಯಾಗಿರಬೇಕು ಎಂಬುದೇ ಅವರ ಕಾರಣ. ಅವರ ಜೊತೆಗಾರ ಡಾನ್ ಡ್ರೈಸ್‌ಡೇಲ್ ಭುಜ ಕೆಟ್ಟು 1969ರಲ್ಲಿ, 33ಕ್ಕೆ ನಿಂತರು. ಮೊಣಕೈಯ ಹರಿದ ಸ್ನಾಯುಬಂಧವನ್ನು ಕಟ್ಟುವ ಶಸ್ತ್ರಚಿಕಿತ್ಸೆ ಬಂದದ್ದೇ 1974ರಲ್ಲಿ, ಟಾಮಿ ಜಾನ್ ಎಂಬ ಪಿಚರ್‌ಗೆ. ಅವರು ಆಮೇಲೆ 1989ರವರೆಗೂ ಆಡಿದರು.

ಉರುವೇಲೆಯಲ್ಲಿ ಸಿದ್ಧಾರ್ಥ ಗೌತಮರು ಆರು ವರ್ಷ ದೇಹ ದಂಡಿಸಿದ್ದು ನಮಗೆ ಗೊತ್ತು. ಇದರಿಂದ ಪ್ರಯೋಜನವಿಲ್ಲ ಎಂದು ತಿಳಿದು ಸುಜಾತೆ ಕೊಟ್ಟ ಆಹಾರ ಸ್ವೀಕರಿಸಿದರು. ಜೊತೆಗಿದ್ದ ಐವರು ಏನೆಂದುಕೊಂಡರು? ಇವನು ಸುಖಕ್ಕೆ ಜಾರಿದ, ಪ್ರಯತ್ನ ಕೈಬಿಟ್ಟ ಎಂದು ತೊರೆದು ಹೋದರು. ನೋವು ತಿನ್ನುವುದೇ ದೊಡ್ಡಸ್ತಿಕೆ ಎಂದು ನಂಬಿದ ಕಡೆ, ನೋವಿದೆ ಎಂದವನಿಗೆ ಸಿಗುವ ಹೆಸರು ಮೈಗಳ್ಳ. ಕಸ ಗುಡಿಸುವ ಅಕ್ಕ ಬೆನ್ನು ನೋವು ಎಂದರೆ ಮೇಸ್ತ್ರಿ ಏನನ್ನುತ್ತಾನೆ, ಹೇಳಬೇಕೇ?

ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಜೆ. ಆರ್. ರಿಚರ್ಡ್ ಕಪ್ಪು ಜನಾಂಗದವರು. ಆರು ಅಡಿ ಎಂಟು ಅಂಗುಲದ ಆಳು. 1979ರಲ್ಲಿ 313 ಸ್ಟ್ರೈಕ್‌ಔಟ್. 1980ರಲ್ಲಿ ಕೈ ಸತ್ತಂತಾಗಿದೆ, ಬೆರಳು ಮರಗಟ್ಟುತ್ತಿದೆ ಎಂದು ಹೇಳುತ್ತಾ ಬಂದರು. ಪತ್ರಿಕೆಗಳಲ್ಲಿ, ತಂಡದೊಳಗೇ ಗುಸುಗುಸು: ಸೋಮಾರಿ, ನಾಟಕ, ಇನ್ನೊಬ್ಬ ಪಿಚರ್‌ನ ದೊಡ್ಡ ಸಂಬಳ ಕಂಡು ಹೊಟ್ಟೆಕಿಚ್ಚು. ಆಸ್ಪತ್ರೆಯ ಪರೀಕ್ಷೆಯಲ್ಲಿ ತೋಳಿನ ರಕ್ತನಾಳ ಕಟ್ಟಿಕೊಂಡಿದ್ದು ಕಂಡಿತು. ಆದರೂ ತುರ್ತು ಚಿಕಿತ್ಸೆ ಆಗಲಿಲ್ಲ. ಜುಲೈ 30ರಂದು ಹಗುರ ಅಭ್ಯಾಸ ಮಾಡುತ್ತಲೇ ಮೈದಾನದಲ್ಲಿ ಕುಸಿದರು. ಪಾರ್ಶ್ವವಾಯು. ಆಗ ಅವರಿಗೂ 30 ವಯಸ್ಸು. ಬಿಳಿಯ ಆಟಗಾರ ಹೀಗೆ ಹೇಳಿದ್ದರೆ ಅನುಮಾನ ಪಡುತ್ತಿದ್ದರೇ ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಏಳಲೇಬೇಕಾದ ಪ್ರಶ್ನೆ.

ಇದನ್ನು ಹಣೆಬರಹ, ಹಿಂದಿನ ಜನ್ಮದ ಕರ್ಮ ಎಂದು ತಳ್ಳಿಹಾಕುವವರು ಇದ್ದಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಆ ವಾದವನ್ನು ಒಪ್ಪಲಿಲ್ಲ. ದುಃಖ ಇದೆ ಎಂದು ಒಪ್ಪಿಕೊಳ್ಳುವುದು, ಅದನ್ನು ನೀಗುವ ದಾರಿ ತೋರುವುದು, ಇವೇ ಧಮ್ಮದ ಬುನಾದಿ ಎಂದರು. ರಿಚರ್ಡ್ ವಿಷಯದಲ್ಲಿ ಮೊದಲನೆಯದೇ ಆಗಲಿಲ್ಲ. ದುಃಖಕ್ಕೆ ಕಾರಣವಿತ್ತು, ಅದು ರಕ್ತನಾಳದಲ್ಲಿತ್ತು. ಅದನ್ನು ಜನ ಅವರ ಸ್ವಭಾವದಲ್ಲಿ ಹುಡುಕಿದರು.

ಆ ಐವರು ಸಾರನಾಥದಲ್ಲಿ ಬುದ್ಧರು ಬರುವುದನ್ನು ಕಂಡು ಏಳಬಾರದು ಎಂದುಕೊಂಡಿದ್ದರು. ಹತ್ತಿರ ಬಂದಾಗ ತಾವಾಗಿ ಎದ್ದು, ಪಾತ್ರೆ ತೆಗೆದುಕೊಂಡು, ಆಸನ ಹಾಕಿ, ಮಾತು ಕೇಳಿದರು. ಹ್ಯೂಸ್ಟನ್ನಿನಲ್ಲಿ ಕೇಳುವ ಹೊತ್ತಿಗೆ ತಡವಾಗಿತ್ತು. ರಿಚರ್ಡ್ ದೊಡ್ಡ ಲೀಗಿನಲ್ಲಿ ಮತ್ತೆ ಒಂದೂ ಪಂದ್ಯ ಆಡಲಿಲ್ಲ. 1990ರ ದಶಕದಲ್ಲಿ ಕೆಲಕಾಲ ಅದೇ ಊರಿನ ಸೇತುವೆಯೊಂದರ ಕೆಳಗೆ ಮಲಗುತ್ತಿದ್ದರು. 2021ರಲ್ಲಿ ತೀರಿಕೊಂಡರು.