ಬಿಡುವಿನ ವರ್ಷದ ಸಂಬಳ

"ನಿಮ್ಮ ತಂಗಿಯ ಮಗಳು ಡಾಕ್ಟರಾದಳಂತಲ್ಲ, ಈಗ ಏನು ಮಾಡುತ್ತಿದ್ದಾಳೆ?"

ಒಂದು ವರ್ಷದ ಕಾಲ ಈ ಪ್ರಶ್ನೆಗೆ ನಾನು ಉತ್ತರ ಹೇಳಿ ಹೇಳಿ ದಣಿದಿದ್ದೆ. ಓದುತ್ತಿದ್ದಾಳೆ ಎಂದರೆ, "ಇನ್ನೂ ಓದುವುದಿದೆಯೆ?" ಎನ್ನುತ್ತಿದ್ದರು. ಕೆಲಸ ಮಾಡುತ್ತಿದ್ದಾಳೆ ಎಂದರೆ, "ಯಾವ ಆಸ್ಪತ್ರೆ? ಪರ್ಮನೆಂಟೆ?" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅವಳು ಎರಡನ್ನೂ ಮಾಡುತ್ತಿದ್ದಳು. ಅವೆರಡರ ನಡುವೆ ಎದ್ದ ಒಂದು ಪ್ರಶ್ನೆಯನ್ನು ಓದುಗರ ಮುಂದಿಡಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಾನು ವೈದ್ಯನಲ್ಲ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಆದರೆ ಪ್ರಶ್ನೆ ಕೇವಲ ವೈದ್ಯರದಲ್ಲ ಎಂದು ನನಗೆ ತೋರುತ್ತದೆ.

ಮೊದಲು ಸಂದರ್ಭವನ್ನು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಎಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಅನಂತರ ತಜ್ಞವೈದ್ಯರಾಗಬೇಕೆಂದರೆ ಮೂರು ವರ್ಷದ ರೆಸಿಡೆನ್ಸಿ. ಅಂದರೆ ಆಸ್ಪತ್ರೆಯಲ್ಲೇ ಹಗಲಿರುಳು ದುಡಿಯುತ್ತ ಕಲಿಯುವುದು. ಅದಕ್ಕೆ ಸ್ಟೈಪೆಂಡ್ ಇದೆ. ಆದರೆ ಅದು ಪೂರ್ಣಾವಧಿಯ ತರಬೇತಿ, ಪಕ್ಕದಲ್ಲಿ ಬೇರೆ ದುಡಿಮೆಗೆ ಅವಕಾಶವಿಲ್ಲ. ಈ ಎರಡು ಮೆಟ್ಟಿಲುಗಳ ನಡುವೆ ನೀಟ್-ಪಿಜಿ ಎಂಬ ಪರೀಕ್ಷೆ ಇದೆ. ಬಯಸಿದ ವಿಷಯದ ಸೀಟು ಸಿಗದವರು ಇನ್ನೊಂದು ವರ್ಷ ಕಾಯುತ್ತಾರೆ. ಈ ಕಾಯುವ ವರ್ಷಕ್ಕೆ ಸ್ಟೈಪೆಂಡ್ ಇಲ್ಲ, ಹಾಸ್ಟೆಲ್ ಇಲ್ಲ, ಹೇಳಿಕೊಳ್ಳಲು ಒಂದು ಹುದ್ದೆಯೂ ಇಲ್ಲ.

ನಮ್ಮ ಹುಡುಗಿಗೆ ಮಕ್ಕಳ ವೈದ್ಯಳಾಗುವ ಆಸೆ. ಹಳ್ಳಿಯ ಕಡ್ಡಾಯ ಸೇವೆ ಮುಗಿಸಿ ಪರೀಕ್ಷೆಗೆ ಸಿದ್ಧಳಾಗಿದ್ದಳು. 2024ರ ಜೂನ್ 23ಕ್ಕೆ ಪರೀಕ್ಷೆ. ಹಿಂದಿನ ರಾತ್ರಿ ಅದನ್ನು ಮುಂದೂಡಿದರು, ಆಗಸ್ಟ್ 11ರಂದು ನಡೆಸಿದರು. ಅವಳಿಗೆ ಬೇಕಾದ ಸೀಟು ಬರಲಿಲ್ಲ. ಗದಗಿನಿಂದ ಎರಡು ಸೂಟ್‌ಕೇಸ್ ತುಂಬ ಪುಸ್ತಕ ಹೊತ್ತು ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಗೆ ಬಂದಳು. ಮುಂದಿನ ಪರೀಕ್ಷೆಯೂ 2025ರ ಜೂನ್ 15ರಿಂದ ಆಗಸ್ಟ್ 3ಕ್ಕೆ ಜಾರಿತು. ಹೀಗೆ ಬಿಡುವು ತಾನಾಗಿಯೇ ಉದ್ದವಾಗುತ್ತ ಹೋಯಿತು.

ಅವಳ ಓದಿಗೆ ಬ್ಯಾಂಕಿನಿಂದ ಸಾಲ ತೆಗೆದಿತ್ತು. ವಿದ್ಯಾಸಾಲದ ರೀತಿ ನನಗೆ ಚೆನ್ನಾಗಿ ಗೊತ್ತು. ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ, ಆಮೇಲೆ ಬಿಡುವುದಿಲ್ಲ. ಮನುಷ್ಯರಿಗೆ ಬಿಡುವಿನ ವರ್ಷ ಉಂಟು, ಬಡ್ಡಿಗೆ ಇಲ್ಲ. ಆದ್ದರಿಂದ ಅವಳು ಮಹಾರಾಷ್ಟ್ರದ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು ಕೆಲಸ ಹುಡುಕಲು ಹೊರಟಳು.

ಕೆಲಸಗಳು ಬೇಗನೆ ಸಿಕ್ಕವು. ಒಂದು, ಪರೀಕ್ಷೆಗೆ ತರಬೇತಿ ಕೊಡುವ ಸಂಸ್ಥೆಗೆ ಪ್ರಶ್ನೆಗಳನ್ನು ಬರೆದುಕೊಡುವುದು. ಎರಡು, ಒಂದು ಚಿಕ್ಕ ನರ್ಸಿಂಗ್ ಹೋಮಿನಲ್ಲಿ ವಾರಕ್ಕೆ ನಾಲ್ಕು ರಾತ್ರಿ ಡ್ಯೂಟಿ ಡಾಕ್ಟರು. ಮೂರನೆಯದು ಎಲ್ಲಕ್ಕಿಂತ ಸುಲಭದ್ದು. ಇನ್ನೊಂದು ನರ್ಸಿಂಗ್ ಹೋಮಿನವರು ಹೇಳಿದರಂತೆ: "ನಿಮ್ಮ ಸರ್ಟಿಫಿಕೇಟಿನ ಪ್ರತಿ ಕೊಡಿ, ನಮ್ಮ ವೈದ್ಯರ ಪಟ್ಟಿಯಲ್ಲಿ ಹೆಸರಿರಲಿ. ತಪಾಸಣೆಗೆ ಯಾರಾದರೂ ಬಂದಾಗ ಬಂದರೆ ಸಾಕು. ಮನೆಯಲ್ಲಿ ಕೂತು ಓದಿಕೊಳ್ಳಿ. ತಿಂಗಳಿಗೆ ಇಷ್ಟು."

ನನ್ನ ತಪ್ಪನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಆ ಮೂರನೆಯದನ್ನು ಕೇಳಿ ನಾನು, "ಏನು ತಪ್ಪು? ಓದಲು ಸಮಯ ಸಿಗುತ್ತದಲ್ಲ" ಎಂದೆ. ಅವಳು ನನ್ನ ಮುಖ ನೋಡಿ, "ಮಾವ, ನೀವು ಬ್ಯಾಂಕಿನಲ್ಲಿದ್ದಾಗ ನೋಡದ ವೋಚರಿಗೆ ಸಹಿ ಹಾಕುತ್ತಿದ್ದಿರೆ?" ಎಂದಳು. ನಾನು ಸುಮ್ಮನಾದೆ. ಅವಳು ಎರಡನೆಯದನ್ನು ಒಪ್ಪಿಕೊಂಡಳು.

ರಾತ್ರಿ ಡ್ಯೂಟಿಯ ಆಕರ್ಷಣೆ ಏನೆಂದರೆ, ಹೆಚ್ಚಿನ ರಾತ್ರಿಗಳು ನಿಶ್ಶಬ್ದವಾಗಿರುತ್ತವೆ. ಹತ್ತು ಗಂಟೆಗೆ ರೋಗಿಗಳನ್ನೆಲ್ಲ ನೋಡಿ ಬಂದರೆ ಅನಂತರ ಮೇಜು, ದೀಪ, ಪುಸ್ತಕ. ಮಾಲಿಕರಿಗೂ ಅದು ಗೊತ್ತು. "ಓದಿಕೊಳ್ಳಬಹುದು" ಎಂಬುದನ್ನು ಸಂಬಳದ ಒಂದು ಭಾಗವೆಂಬಂತೆ ಹೇಳುತ್ತಾರೆ, ಸಂಬಳವನ್ನು ಅಷ್ಟೇ ತಗ್ಗಿಸುತ್ತಾರೆ.

ಫೆಬ್ರವರಿಯ ಒಂದು ರಾತ್ರಿ ಮೂರು ಗಂಟೆ ಹತ್ತು ನಿಮಿಷಕ್ಕೆ ಮೇಲಿನ ಮಹಡಿಯಿಂದ ನರ್ಸಿನ ಫೋನು. ಹಿಂದಿನ ದಿನ ಹರ್ನಿಯಾ ಶಸ್ತ್ರಕ್ರಿಯೆಯಾದ ವೃದ್ಧರಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಉರಿ. ಇವಳು ಗಡಿಯಾರ ಮುಂದಿಟ್ಟುಕೊಂಡು ಇನ್ನೂರು ಪ್ರಶ್ನೆಗಳ ಮಾದರಿ ಪರೀಕ್ಷೆ ಬರೆಯುತ್ತಿದ್ದಳು. "ಆಮ್ಲಕ್ಕೆ ಕೊಡುವ ಔಷಧಿ ಕೊಡಿ, ಬರುತ್ತೇನೆ" ಎಂದಳು. ಬಂದದ್ದು ಮೂರೂವರೆಗೆ. ವೃದ್ಧರ ಹಣೆಯಲ್ಲಿ ಬೆವರು ನೋಡಿದೊಡನೆ ಅವಳಿಗೆ ತಿಳಿಯಿತು. ಇ.ಸಿ.ಜಿ. ತೆಗೆದಳು, ಹೃದಯಾಘಾತ. ಮಾಡಬೇಕಾದುದನ್ನೆಲ್ಲ ಮಾಡಿ, ಹಿರಿಯ ವೈದ್ಯರನ್ನು ಎಬ್ಬಿಸಿ, ತಾನೇ ಆಂಬ್ಯುಲೆನ್ಸಿನಲ್ಲಿ ಕೂತು ದೊಡ್ಡ ಆಸ್ಪತ್ರೆಗೆ ಮುಟ್ಟಿಸಿದಳು. ಅವರು ಬದುಕಿಕೊಂಡರು. ಅವರ ಮಗ ಇವಳ ಎರಡೂ ಕೈ ಹಿಡಿದು ಅತ್ತನಂತೆ.

ತಿಂಗಳ ಕೊನೆಗೆ ಸಂಬಳದ ಲಕೋಟೆಯನ್ನು ಊಟದ ಮೇಜಿನ ಮೇಲಿಟ್ಟು ಅವಳು ಕೇಳಿದ್ದು ಇಷ್ಟೆ: "ಮಾವ, ಈ ಹಣ ನನ್ನದೆ?"

ನಾನು ತಕ್ಷಣ ಉತ್ತರಿಸಲಿಲ್ಲ. ಸಮಾಧಾನದ ಮಾತುಗಳನ್ನು ಬೇರೆಯವರು ಆಗಲೇ ಹೇಳಿದ್ದರು. ಹಿರಿಯ ವೈದ್ಯರು, "ಏನೂ ಆಗಲಿಲ್ಲವಲ್ಲ, ಮರೆತುಬಿಡು" ಎಂದಿದ್ದರು. ಆದರೆ ಏನೂ ಆಗದಿದ್ದುದು ಅವಳ ಅದೃಷ್ಟ, ವೃದ್ಧರ ಆಯುಷ್ಯ. ಹೃದಯದ ರಕ್ತನಾಳ ಕಟ್ಟಿಕೊಂಡಾಗ ಹೋಗುವ ಒಂದೊಂದು ನಿಮಿಷಕ್ಕೂ ಸ್ನಾಯು ಸಾಯುತ್ತದೆಂದು ಪ್ರಶ್ನೆಪತ್ರಿಕೆಯಲ್ಲಿ ಸರಿಯಾಗಿ ಗುರುತು ಹಾಕಬಲ್ಲವಳು ಅವಳು. ಫಲ ಒಳ್ಳೆಯದಾಯಿತೆಂದು ಕೃತ್ಯ ಒಳ್ಳೆಯದಾಗುವುದಿಲ್ಲ.

ಇಂಥ ವರ್ಷವನ್ನು ಹಾದುಹೋದ ಇನ್ನೊಬ್ಬನ ಕತೆ ನನಗೆ ನೆನಪಾಯಿತು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಎಡಿನ್‌ಬರೊದಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದಾಗ ಮನೆಯಲ್ಲಿ ಬಡತನ. 1880ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಓದು ನಿಲ್ಲಿಸಿ 'ಹೋಪ್' ಎಂಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ವೈದ್ಯನಾಗಿ ಆರ್ಕ್ಟಿಕ್ ಸಮುದ್ರಕ್ಕೆ ಹೋದ. ತಿಂಗಳಿಗೆ ಎರಡೂವರೆ ಪೌಂಡು ಸಂಬಳ, ಜೊತೆಗೆ ಎಣ್ಣೆಯ ಮೇಲೆ ಸ್ವಲ್ಪ ಪಾಲು. ಹಿಂದಿರುಗಿದಾಗ ಸುಮಾರು ಐವತ್ತು ಪೌಂಡು ಕೂಡಿತ್ತು. ತಾಯಿ ಹುಡುಕಿ ಸಂತೋಷಪಡಲೆಂದು ಚಿನ್ನದ ನಾಣ್ಯಗಳನ್ನು ತನ್ನ ಎಲ್ಲ ಜೇಬುಗಳಲ್ಲೂ ಬಚ್ಚಿಟ್ಟುಕೊಂಡು ಬಂದನಂತೆ. ಓದುವಾಗ ಕಣ್ಣು ತೇವವಾಗುವ ಮಾತಿದು. ಆದರೆ ಮುಂದೆ ಅದೇ ಡಾಯ್ಲ್, ತನಗಿದ್ದುದು ಮೂರನೆಯ ವರ್ಷದ ವಿದ್ಯಾರ್ಥಿಯ ತಿಳಿವಳಿಕೆ ಮಾತ್ರ, ಗಂಭೀರವಾದ ಕರೆ ಬಾರದಿದ್ದುದೇ ಒಳ್ಳೆಯದಾಯಿತು ಎಂಬರ್ಥದಲ್ಲಿ ಬರೆದ. ಅವನು ಆ ಪ್ರಯಾಣದಲ್ಲಿ ಬರೆದ ದಿನಚರಿ 2012ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಒಬ್ಬ ವೃದ್ಧ ನಾವಿಕ ಅವನ ಆರೈಕೆಯಲ್ಲಿದ್ದಾಗಲೇ ಸತ್ತ ಸಂಗತಿಯಿದೆ. ಪೂರ್ಣ ವೈದ್ಯನಿದ್ದರೂ ಆತ ಉಳಿಯುತ್ತಿರಲಿಲ್ಲವೇನೋ. ಆದರೂ ಹಡಗಿನವರಿಗೆ ಅವನು 'ಡಾಕ್ಟರ್' ಆಗಿದ್ದ. ಅವನ ಓದು ಅರ್ಧವಾಗಿತ್ತು, ಆ ನಾವಿಕನ ರೋಗ ಮಾತ್ರ ಅರ್ಧವಾಗಿರಲಿಲ್ಲ.

ನಮ್ಮ ಪ್ರಶ್ನೆಯ ತಿರುಳು ಇಲ್ಲಿದೆಯೆಂದು ನನ್ನ ಭಾವನೆ. ಬಿಡುವಿನ ವರ್ಷ ಎಂಬುದು ವೈದ್ಯನ ಬಾಳಿನ ಲೆಕ್ಕ. ಎರಡು ನಿಲ್ದಾಣಗಳ ನಡುವೆ ರೈಲು ನಿಂತಿದೆ, ಹೇಗೋ ಹೊತ್ತು ಕಳೆಯಬೇಕು ಎಂಬ ಭಾವ ಅವನಿಗೆ ಸಹಜ. ಹಾಸಿಗೆಯಲ್ಲಿರುವವನಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅವನಿಗೆ ಆ ರಾತ್ರಿ ಆ ಕಟ್ಟಡದಲ್ಲಿರುವುದು ಒಬ್ಬಳೇ ಡಾಕ್ಟರು.

ಮುಂಬಯಿಯ ಕನ್ನಡಿಗರಿಗೆ ದುಡಿಯುತ್ತ ಓದುವುದು ಹೊಸದಲ್ಲ. ಹಗಲು ಹೋಟೆಲಿನಲ್ಲಿ ಕಪ್ಪು ತೊಳೆದು ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರ ಮಕ್ಕಳು ನಮ್ಮಲ್ಲಿ ಎಷ್ಟೋ ಜನರಿದ್ದೇವೆ. ಅದು ನಮ್ಮ ಹೆಮ್ಮೆ. ಆದರೆ ಪಾಠ ನೆನೆಯುತ್ತ ಕೆಲಸ ಮಾಡುವ ಹುಡುಗನ ಕೈಯಿಂದ ಬೀಳುವುದು ಒಂದು ಕಪ್ಪು. ಎಲ್ಲ ಕೆಲಸಗಳಲ್ಲೂ ಮೈಮರೆವಿನ ಬೆಲೆ ಒಂದೇ ಅಲ್ಲ. ಯಾವ ಕೆಲಸದಲ್ಲಿ ಆ ಬೆಲೆಯನ್ನು ತಾನಲ್ಲದೆ ಇನ್ನೊಬ್ಬರು ತೆರಬೇಕಾಗುತ್ತದೆಯೋ ಅಲ್ಲಿ 'ನನ್ನ ಕಷ್ಟ ನನಗೆ' ಎಂಬ ಸಮರ್ಥನೆ ಸಾಲದು.

ಹಾಗಾದರೆ ಅವಳು ಆ ಕೆಲಸ ಬಿಡಬೇಕಾಗಿತ್ತೆ? ನಾನು ಹಾಗೆನ್ನುವುದಿಲ್ಲ. ಕೂಲಿಗಾಗಿ ದುಡಿಯುವುದರಲ್ಲಿ ಹೀನತೆಯಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕತೆ ನಮ್ಮೆಲ್ಲರಿಗೂ ಗೊತ್ತಿದೆ. ಗಂಡ ಮಾರಯ್ಯ ಒಂದು ದಿನ ಕಲ್ಯಾಣದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದವಳು ಅವಳು. ಅಕ್ಕಿ ಆಯುವುದನ್ನು ಬಿಡಿ ಎಂದು ಅವಳು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ನಮ್ಮದಲ್ಲದಷ್ಟನ್ನು ಮಾತ್ರ ಹಿಂದಕ್ಕೆ ಕೊಡಿ ಎಂದಳು. ಹೆಸರನ್ನು ಮಾತ್ರ ಬಾಡಿಗೆಗೆ ಕೊಟ್ಟು ಪಡೆಯುವ ಸಂಬಳ ಪೂರ್ತಿ ಆ ಹೆಚ್ಚಿನ ಅಕ್ಕಿ. ಎಚ್ಚರವಾಗಿ ಕಾಯ್ದ ರಾತ್ರಿಯ ಸಂಬಳ, ನಡುವೆ ಪುಸ್ತಕ ಓದಿದ್ದರೂ, ನ್ಯಾಯವಾದದ್ದು. ಕಾವಲಿಗೆ ಕೊಡುವ ಹಣ ಎಚ್ಚರಕ್ಕೆ ಕೊಡುವ ಹಣ. ಕರೆ ಬಂದಾಗ ಏಳುವವರೆಗೆ ಪುಸ್ತಕ ಅದಕ್ಕೆ ಅಡ್ಡಿಯಲ್ಲ.

ಇಷ್ಟನ್ನು ಯೋಚಿಸಿ ಅವಳಿಗೆ ಹೇಳಿದೆ: "ಹಣ ನಿನ್ನದು. ಆ ಇಪ್ಪತ್ತು ನಿಮಿಷ ಮಾತ್ರ ನಿನ್ನದಾಗಿರಲಿಲ್ಲ."

ಅವಳು ಆಗ ಹೇಳಿದ ಮಾತು ನನಗೆ ಮೊದಲು ತಿಳಿದಿರಲಿಲ್ಲ. ಆ ಬೆಳಗ್ಗೆ ಕೇಸ್ ಪೇಪರ್ ತುಂಬುವಾಗ ನರ್ಸು, ಒಳ್ಳೆಯ ಮನಸ್ಸಿನಿಂದಲೇ, "ಮೂರು ಹತ್ತಕ್ಕೆ ನೋಡಿದೆ ಎಂದು ಬರೆದುಬಿಡಿ" ಎಂದಿದ್ದಳಂತೆ. ಇವಳು, ಕರೆ ಬಂದದ್ದು ಮೂರು ಹತ್ತಕ್ಕೆ, ನೋಡಿದ್ದು ಮೂರು ಮೂವತ್ತಕ್ಕೆ ಎಂದೇ ಬರೆದು ಸಹಿ ಹಾಕಿದ್ದಳು. ಆ ಕಾಗದದಿಂದ ಅವಳ ಮುಂದಿನ ದಾರಿಯೇ ಮುಚ್ಚಬಹುದಿತ್ತು. ಬ್ಯಾಂಕಿನಲ್ಲಿ ನಾನು ಸಾವಿರಾರು ಸಹಿ ಹಾಕಿದ್ದೇನೆ. ಅವುಗಳಲ್ಲಿ ಒಂದಕ್ಕೂ ಇಷ್ಟು ಬೆಲೆ ತೆರುವ ಪ್ರಸಂಗ ನನಗೆ ಬಂದಿರಲಿಲ್ಲ.

ಅವಳು ಆ ಕೆಲಸವನ್ನು ಜುಲೈವರೆಗೆ ಮಾಡಿದಳು. ಗಡಿಯಾರ ಇಟ್ಟು ಬರೆಯುವ ಮಾದರಿ ಪರೀಕ್ಷೆಗಳು ಮನೆಗೆ ಬಂದವು. ಡ್ಯೂಟಿಯಲ್ಲಿ ಯಾವ ಪುಟದಲ್ಲಾದರೂ ಮುಚ್ಚಬಹುದಾದ ಪುಸ್ತಕ ಮಾತ್ರ ಉಳಿಯಿತು. ಕೆಲವು ಅಂಕ ಕಡಿಮೆಯಾಗಿರಲೂಬಹುದು. ಈಗ ಅವಳು ಬೇರೆ ಊರಿನಲ್ಲಿ ಮಕ್ಕಳ ವಾರ್ಡಿನಲ್ಲಿ ರೆಸಿಡೆಂಟ್.

ಕೊನೆಯದಾಗಿ ಹಿರಿಯರಾದ ನಮ್ಮ ಪಾಲಿನ ಮಾತು. ಕಾಯುವ ವರ್ಷದಲ್ಲಿರುವ ಮಕ್ಕಳನ್ನು 'ಖಾಲಿ ಕೂತಿದ್ದಾರೆ' ಎಂದು ಚುಚ್ಚುವವರು ನಾವು. ಆ ಚುಚ್ಚುಮಾತಿಗೆ ಅಂಜಿಯೇ ಎಷ್ಟೋ ಮಂದಿ ಸಿಕ್ಕ ಕೆಲಸಕ್ಕೆ, ಸಿಕ್ಕ ಸಂಬಳಕ್ಕೆ, ಕೇಳಿದ ಸಹಿಗೆ ಒಪ್ಪುತ್ತಾರೆ. ಏನು ಮಾಡುತ್ತಿದ್ದಾಳೆ ಎಂದು ಇನ್ನು ಯಾರಾದರೂ ನನ್ನನ್ನು ಆ ವರ್ಷದ ಬಗ್ಗೆ ಕೇಳಿದರೆ, ಕಾವಲು ಕಾಯುತ್ತಿದ್ದಳು ಎನ್ನುತ್ತೇನೆ.